ಪ್ರೋಬಯಾಟಿಕ್ ಕೊಟ್ಟರೂ ಹಿಕ್ಕೆ ಗಟ್ಟಿಯಾಗುತ್ತಿಲ್ಲವೇ? ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ

ಕಳೆದ ಬೇಸಿಗೆಯಲ್ಲಿ ಕೈವಾರದ ಹತ್ತಿರ ಒಂದು ಷೆಡ್ಡಿಗೆ ಹೋಗಿದ್ದೆ. ನಾಲ್ಕು ಸಾವಿರ ಬ್ರಾಯ್ಲರ್, ಹದಿನೆಂಟನೇ ದಿನ. ಫಾರಂ ನೋಡಿಕೊಳ್ಳುವ ಹುಡುಗ ಫೋನಿನಲ್ಲೇ ಬೇಸರ ತೋಡಿಕೊಂಡಿದ್ದ. "ಅಣ್ಣಾ, ಆಂಟಿಬಯಾಟಿಕ್ ಬಿಟ್ಟು ಪ್ರೋಬಯಾಟಿಕ್‌ಗೆ ಬಂದ್ವಿ. ಬಾಟಲಿ ಮೇಲೆ ಬಾಟಲಿ ಖಾಲಿ ಆಯ್ತು. ಹಿಕ್ಕೆ ಮಾತ್ರ ನೀರು ನೀರೇ. ಇದೆಲ್ಲಾ ಸುಮ್ನೆ ದುಡ್ಡು ಕೀಳೋ ದಾರಿ ಅಣ್ಣಾ."

ಕೋಳಿ ನೋಡುವ ಮೊದಲು ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದೆ. ಮೂಗಿಗೆ ಘಾಟು ಹೊಡೆಯಿತು. ಆಗ ತಾನೇ ತೊಳೆದ ಆಸ್ಪತ್ರೆ ವರಾಂಡದ ವಾಸನೆ.

"ಬ್ಲೀಚಿಂಗ್ ಯಾವಾಗ ಹಾಕಿದ್ದು?"

"ರಾತ್ರಿ ಅಪ್ಪ ಹಾಕಿದ್ರು."

"ಎಷ್ಟು?"

ಹುಡುಗ ಮುಷ್ಟಿ ಹಿಡಿದು ತೋರಿಸಿದ.

"ಪ್ರೋಬಯಾಟಿಕ್?"

"ಬೆಳಗ್ಗೆ ಆರಕ್ಕೆ ನಾನು ಹಾಕ್ದೆ."

ರಾತ್ರಿ ಅಪ್ಪ ಬ್ಯಾಕ್ಟೀರಿಯಾ ಕೊಲ್ಲಲು ಪುಡಿ ಹಾಕಿದ್ದಾರೆ. ಬೆಳಗ್ಗೆ ಮಗ ಅದೇ ನೀರಿಗೆ ಜೀವಂತ ಬ್ಯಾಕ್ಟೀರಿಯಾ ಸುರಿದಿದ್ದಾನೆ. ಇಬ್ಬರದೂ ತಪ್ಪಿಲ್ಲ. ಟ್ಯಾಂಕು ಒಂದೇ ಆಗಿದ್ದು ತಪ್ಪು.

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ಇಂಥದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. "ಪ್ರೋಬಯಾಟಿಕ್ ಕೆಲಸ ಮಾಡಲಿಲ್ಲ" ಎನ್ನುವ ಕಡೆ ಬಹಳ ಸಲ ಅದು ಕೋಳಿಯ ಕರುಳಿನವರೆಗೆ ಜೀವಂತವಾಗಿ ತಲುಪಿರುವುದೇ ಇಲ್ಲ. ತಲುಪಿದ ಮೇಲೂ ಕೆಲಸ ಮಾಡದಿದ್ದರೆ ಅದು ಬೇರೆ ಮಾತು, ಅದಕ್ಕೂ ಬರೋಣ. ನಾನು ಷೆಡ್ಡಿಗೆ ಹೋದರೆ ಯಾವ ಕ್ರಮದಲ್ಲಿ ನೋಡುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಇದು ರೋಗ ಅಲ್ಲ ತಾನೇ?

ಇದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಪ್ರೋಬಯಾಟಿಕ್ ಔಷಧಿ ಅಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಕರುಳಿನಲ್ಲಿ ಜಾಗ ಹಿಡಿದು ಕೂತರೆ ಕೆಟ್ಟದ್ದಕ್ಕೆ ಜಾಗ ಸಿಗುವುದಿಲ್ಲ. ಇದರ ಗುಟ್ಟು ಅಷ್ಟೇ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಆಗಲೇ ಬೇರೆಯವರು ಕೂತಿದ್ದರೆ ಟವೆಲ್ ಏನೂ ಮಾಡುವುದಿಲ್ಲ.

ಒಂದೇ ದಿನದಲ್ಲಿ ಸಾವು ಏಕಾಏಕಿ ಏರಿದರೆ, ತಲೆ ಊದಿದರೆ, ಜುಟ್ಟು ನೀಲಿಯಾದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಪಶು ಆಸ್ಪತ್ರೆಗೆ ಫೋನ್ ಮಾಡಿ. ಸತ್ತ ಕೋಳಿಯನ್ನು ನೀವೇ ಕೊಯ್ಯಬೇಡಿ. 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದಿದ್ದನ್ನು ಮರೆತಿಲ್ಲ ಅಲ್ವಾ?

ಸಾವು ಅಷ್ಟಿಲ್ಲ, ಆದರೆ ದಿನಕ್ಕೆ ನಾಲ್ಕಾರು ಹೋಗುತ್ತಿವೆ ಎಂದರೆ ಹೊಸದಾಗಿ ಸತ್ತ ಒಂದೆರಡನ್ನು ಡಾಕ್ಟರ ಮುಂದೆ ಕೊಯ್ಯಿಸಿ ನೋಡಿ. ನಾನು ಗಮನಿಸುವುದು ಮೂರು ಕಡೆ. ಕರುಳಿನ ತುದಿಗೆ ಎರಡು ಕುರುಡು ಚೀಲಗಳಿರುತ್ತವೆ. ಅವು ರಕ್ತ ತುಂಬಿ ಕಪ್ಪುಗೆಂಪಾಗಿದ್ದರೆ ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್ ಎನ್ನುವ ಕರುಳಿನ ರೋಗ. ಸಣ್ಣ ಕರುಳು ಗಾಳಿ ತುಂಬಿ ಬಲೂನಿನಂತಾಗಿ, ಸೀಳಿದಾಗ ಒಳಗೋಡೆ ಹಳೇ ಟರ್ಕಿ ಟವೆಲ್ಲಿನ ಹಾಗೆ ಒರಟಾಗಿದ್ದರೆ ಕ್ಲಾಸ್ಟ್ರಿಡಿಯಂ ಎನ್ನುವ ಬ್ಯಾಕ್ಟೀರಿಯಾದ ಕೆಲಸ. ಅದನ್ನು ನೆಕ್ರೋಟಿಕ್ ಎಂಟರೈಟಿಸ್ ಎನ್ನುತ್ತಾರೆ. ಹೃದಯ ಮತ್ತು ಪಿತ್ತಜನಕಾಂಗದ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಈ-ಕೋಲಿ ಅನುಮಾನ. ಅನುಮಾನ ತೀರದಿದ್ದರೆ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಇದೆ. ನಮ್ಮ ಕಡೆಯಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ವಾಪಸ್ ಬರಬಹುದು.

ಈ ಮೂರರಲ್ಲಿ ಯಾವುದಿದ್ದರೂ ಮೊದಲು ಚಿಕಿತ್ಸೆ ಆಗಬೇಕು. ಡಾಕ್ಟರು ಆಂಟಿಬಯಾಟಿಕ್ ಬರೆದುಕೊಟ್ಟರೆ ಕೊಡಿ. ಕಾಯಿಲೆ ಬಿದ್ದ ಕೋಳಿಗೆ ಸರಿಯಾದ ಔಷಧಿ ಕೊಡುವುದು ತಪ್ಪಲ್ಲ. ಕಾಯಿಲೆಯೇ ಇಲ್ಲದೆ, ತೂಕ ಬರಲಿ ಎಂದು ದಿನಾ ಒಂದಿಷ್ಟು ಕೊಡುವುದು ತಪ್ಪು. ಯುರೋಪಿನ ಒಕ್ಕೂಟ ಅದನ್ನು 2006ರ ಜನವರಿ 1ರಿಂದಲೇ ನಿಲ್ಲಿಸಿತು. ನಮ್ಮಲ್ಲಿ ಕಾಲಿಸ್ಟಿನ್ ಅನ್ನು ಕೋಳಿಗೆ, ಫೀಡಿಗೆ ಬಳಸದಂತೆ 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಬೇರೆ ಔಷಧಿ ನಾಟದ ಮನುಷ್ಯರ ಸೋಂಕಿಗೆ ಕೊನೆಯಲ್ಲಿ ಉಳಿಯುವ ಔಷಧಿ ಅದು. ಷೆಡ್ಡಿನ ಅಟ್ಟದ ಮೇಲೆ ಹಳೇ ಡಬ್ಬ ಏನಾದರೂ ಇದ್ದರೆ ಇವತ್ತೇ ತೆಗೆದುಬಿಡಿ.

ಕೋರ್ಸ್ ಮುಗಿದ ಮಾರನೇ ದಿನದಿಂದ ಪ್ರೋಬಯಾಟಿಕ್ ಶುರು ಮಾಡಿ. ಎರಡನ್ನೂ ಒಂದೇ ದಿನ, ಒಂದೇ ನೀರಿನಲ್ಲಿ ಕೊಡುವವರನ್ನು ನೋಡಿದ್ದೇನೆ. ಒಂದು ಕೈಯಲ್ಲಿ ಬಿತ್ತಿ ಇನ್ನೊಂದು ಕೈಯಲ್ಲಿ ಕಳೆನಾಶಕ ಹೊಡೆದ ಹಾಗೆ.

ನೀರು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕೋಲಾರ, ಚಿಕ್ಕಬಳ್ಳಾಪುರದ ನೀರಿನ ಕಥೆ ಬೇರೆಯವರಿಗಿಂತ ನಮಗೇ ಚೆನ್ನಾಗಿ ಗೊತ್ತು. ಸಾವಿರ ಅಡಿ ದಾಟಿದ ಬೋರ್‌ವೆಲ್. ಗಡಸು ನೀರು, ಉಪ್ಪಿನಂಶ ಜಾಸ್ತಿ, ಫ್ಲೋರೈಡ್ ಬೇರೆ.

ಮೊದಲು ಕ್ಲೋರಿನ್ ನೋಡಿ. ಮೂಗನ್ನು ನಂಬಬೇಡಿ. ಕ್ಲೋರೋಸ್ಕೋಪ್ ಎನ್ನುವ ಸಣ್ಣ ಡಬ್ಬಿ ಸಿಗುತ್ತದೆ. ಗ್ರಾಮ ಪಂಚಾಯ್ತಿ ವಾಟರ್‌ಮ್ಯಾನ್ ಹತ್ತಿರವೂ ಇರುತ್ತದೆ. ನೀರನ್ನು ಟ್ಯಾಂಕಿನಿಂದ ಅಲ್ಲ, ಲೈನಿನ ಕೊನೆಯ ನಿಪ್ಪಲ್ಲಿನಿಂದ ಹಿಡಿಯಿರಿ. ಕೋಳಿ ಕುಡಿಯುವುದು ಅಲ್ಲಿಯದನ್ನು. ಎರಡು ಹನಿ ದ್ರಾವಣ ಬಿಟ್ಟರೆ ನೀರು ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಕೈವಾರದ ಆ ಷೆಡ್ಡಿನಲ್ಲಿ ಬಣ್ಣ ಹಳದಿ ದಾಟಿ ಕಿತ್ತಳೆಗೆ ಹೋಗಿತ್ತು.

ಲೆಕ್ಕ ಕಷ್ಟವಿಲ್ಲ. ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 30ರಿಂದ 33 ಭಾಗ ಕ್ಲೋರಿನ್ ಇರುತ್ತದೆ. ಸಾವಿರ ಲೀಟರ್ ಟ್ಯಾಂಕಿಗೆ 10 ಗ್ರಾಂ ಹಾಕಿದರೆ ಹೆಚ್ಚುಕಡಿಮೆ 3 ಪಿಪಿಎಂ, ಅಂದರೆ ಲೀಟರಿಗೆ 3 ಮಿಲಿಗ್ರಾಂ ಬರುತ್ತದೆ. ಕೋಳಿ ನೀರಿಗೆ ಅಷ್ಟು ಸಾಕು. ಒಂದು ಮುಷ್ಟಿ ಎಂದರೆ ಅರವತ್ತು ಗ್ರಾಮಿಗೆ ಕಡಿಮೆ ಇರುವುದಿಲ್ಲ. ಅಂದರೆ 18 ಪಿಪಿಎಂ ದಾಟಿತು.

ಮುಷ್ಟಿಗಟ್ಟಲೆ ಏಕೆ ಹಾಕುತ್ತಾರೆ ಎನ್ನುವುದಕ್ಕೂ ಕಾರಣವಿದೆ. ನೀರಿನ ಪಿಎಚ್ 8ರ ಮೇಲೆ ಹೋದರೆ ಕ್ಲೋರಿನ್ ಶಕ್ತಿ ಬಹಳ ಇಳಿಯುತ್ತದೆ. ನಮ್ಮ ಎಷ್ಟೋ ಬೋರ್‌ವೆಲ್ಲಿನ ನೀರು ಅಂಥದ್ದೇ. ಹಾಕಿದ ಪುಡಿ ಕೆಲಸ ಮಾಡುತ್ತಿಲ್ಲ ಎಂದು ಇನ್ನಷ್ಟು ಹಾಕುತ್ತಾರೆ. ಅದು ಪಿಎಚ್ ಜಾಸ್ತಿ ಇರುವ ನೀರಿನ ತಪ್ಪು, ಹೊಡೆತ ಬೀಳುವುದು ಪ್ರೋಬಯಾಟಿಕ್‌ಗೆ.

ನನಗೆ ವಿಚಿತ್ರ ಎನಿಸುವುದು ಇನ್ನೊಂದು. ಲಸೋಟಾ ಲಸಿಕೆ ಹಾಕುವ ದಿನ ಇದೇ ಜನ ಎಷ್ಟು ಜೋಪಾನ! ಹಿಂದಿನ ದಿನವೇ ಬ್ಲೀಚಿಂಗ್ ನಿಲ್ಲಿಸುತ್ತಾರೆ, ಹಾಲಿನ ಪುಡಿ ತರುತ್ತಾರೆ, ಐಸ್ ತರುತ್ತಾರೆ. ಲಸಿಕೆಯಲ್ಲಿರುವುದು ಜೀವಂತ ವೈರಸ್ ಎಂದು ಗೊತ್ತು. ಪ್ರೋಬಯಾಟಿಕ್ ಕೂಡ ಜೀವಂತ ವಸ್ತುವೇ. ಅದಕ್ಕೆ ಮಾತ್ರ ಈ ಮರ್ಯಾದೆ ಇಲ್ಲ.

ಸರಿಪಡಿಸಲು ದೊಡ್ಡ ಖರ್ಚಿಲ್ಲ. 200 ಲೀಟರಿನ ಒಂದು ಬೇರೆ ಡ್ರಮ್ ಇಟ್ಟು ಲೈನಿಗೆ ವಾಲ್ವ್ ಕೊಡಿ. ಹಿಂದಿನ ಸಂಜೆ ಬ್ಲೀಚಿಂಗ್ ಹಾಕದ ನೀರು ತುಂಬಿ, ಬಾಯಿಗೆ ಬಟ್ಟೆ ಮಾತ್ರ ಕಟ್ಟಿಡಿ. ಬೆಳಗ್ಗೆ ಒಂದು ಗಂಟೆ ಮುಖ್ಯ ಟ್ಯಾಂಕಿನ ನೀರು ನಿಲ್ಲಿಸಿ, ಕೋಳಿಗೆ ಸ್ವಲ್ಪ ಬಾಯಾರಲಿ. ಆಮೇಲೆ ಡ್ರಮ್ಮಿಗೆ ಪ್ರೋಬಯಾಟಿಕ್ ಕಲಸಿ ಬಿಡಿ. ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುವಷ್ಟೇ ನೀರು ಇರಲಿ. ಮೇ ತಿಂಗಳ ಬಿಸಿಲಲ್ಲಾಗಲಿ, ತೀರಾ ಎಳೆ ಮರಿಗಳಿಗಾಗಲಿ ನೀರು ತಡೆಯುವ ಸಾಹಸ ಬೇಡ.

ಅದೇ ಡ್ರಮ್ಮಿಗೆ ಮೈಲುತುತ್ತ, ಆಸಿಡಿಫೈಯರ್, ವಿಟಮಿನ್ ಎಲ್ಲಾ ಒಟ್ಟಿಗೆ ಕಲಸುವ ಅಭ್ಯಾಸ ಇದೆಯಾ? ಬಿಡಿ. ಮೈಲುತುತ್ತ ಶಿಲೀಂಧ್ರವನ್ನೂ ಕೊಲ್ಲುತ್ತದೆ, ನೀವು ದುಡ್ಡು ಕೊಟ್ಟು ತಂದಿದ್ದನ್ನೂ ಕೊಲ್ಲುತ್ತದೆ.

ಕ್ಲೋರಿನ್ ಸರಿ ಮಾಡಿದ ಮೇಲೂ ಹಿಕ್ಕೆ ನೀರಾಗಿದ್ದರೆ? ಆಗ ನೀರಿನೊಳಗಿನ ಉಪ್ಪಿನ ಮೇಲೆ ಅನುಮಾನ ಪಡಿ. ಸಲ್ಫೇಟ್, ಮೆಗ್ನೀಸಿಯಂ ಜಾಸ್ತಿ ಇರುವ ನೀರು ಭೇದಿ ಮಾಡಿಸುತ್ತದೆ. ಅದಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣವೂ ಅಲ್ಲ, ಯಾವ ಬ್ಯಾಕ್ಟೀರಿಯಾ ಮದ್ದೂ ಅಲ್ಲ. ಇದನ್ನು ಪತ್ತೆ ಮಾಡಲು ಲ್ಯಾಬಿಗಿಂತ ಮೊದಲು ನಾನು ಮಾಡಿಸುವುದು ಹೀಗೆ. ಷೆಡ್ಡಿನ ಒಂದು ಮೂಲೆಯಲ್ಲಿ ಜಾಲರಿ ಕಟ್ಟಿ ಇಪ್ಪತ್ತು ಕೋಳಿ ಬಿಡಿ. ಹಳೇ ಗಂಟೆ ಡ್ರಿಂಕರ್ ಒಂದಿಡಿ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಇಪ್ಪತ್ತು ಲೀಟರ್ ಕ್ಯಾನ್ ತಂದು ಅದನ್ನೇ ಕುಡಿಸಿ. ಮೂರು ವಾರದ ಇಪ್ಪತ್ತು ಕೋಳಿಗೆ ಒಂದು ಕ್ಯಾನ್ ನಾಲ್ಕೈದು ದಿನ ಬರುತ್ತದೆ. ಫೀಡ್ ಅದೇ ಇರಲಿ. ಮೂರನೇ ದಿನ ಎರಡೂ ಕಡೆಯ ಹಿಕ್ಕೆ ಪಕ್ಕಪಕ್ಕ ನೋಡಿ. ಕ್ಯಾನ್ ನೀರಿನ ಕಡೆ ಹಿಕ್ಕೆ ಗಟ್ಟಿಯಾಗಿ ಮೇಲೆ ಬಿಳಿ ಟೋಪಿ ಕಾಣಿಸಿದರೆ ದೋಷ ಬೋರ್‌ವೆಲ್ಲಿನದು. ಎರಡೂ ಕಡೆ ಒಂದೇ ಥರ ಇದ್ದರೆ ಫೀಡಿನ ಕಡೆ ತಿರುಗಿ. ಉಪ್ಪು ಜಾಸ್ತಿಯಾದ ಒಣಮೀನು ಬಿದ್ದಿದೆಯಾ, ಜೋಳಕ್ಕೆ ಬೂಷ್ಟು ಹಿಡಿದಿದೆಯಾ ನೋಡಬೇಕು.

ಲೈನಿನೊಳಗಿನ ಲೋಳೆಯನ್ನೂ ಮರೆಯಬೇಡಿ. ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ಬೆರಳು ಹಾಕಿ. ಜಾರುವ ಪೊರೆ ಸಿಕ್ಕರೆ ಅಲ್ಲಿ ಈ-ಕೋಲಿ ಸಂಸಾರ ಹೂಡಿದೆ ಎಂದೇ ಲೆಕ್ಕ. ಬ್ಯಾಚ್ ಹೋದ ಮೇಲೆ, ಷೆಡ್ ಖಾಲಿ ಇರುವಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ತೊಳೆಯಿರಿ. ಕೋಳಿ ಇರುವಾಗ ಬೇಡ.

ಬಾಟಲಿಯಲ್ಲಿ ಏನಿದೆ?

ಎಲ್ಲಾ ಪ್ರೋಬಯಾಟಿಕ್ ಒಂದೇ ಅಲ್ಲ. ಮುಖ್ಯವಾಗಿ ಎರಡು ಜಾತಿ ಎಂದುಕೊಳ್ಳಿ.

ಲ್ಯಾಕ್ಟೋಬ್ಯಾಸಿಲಸ್ ಮನೆಯ ಹೆಪ್ಪಿನ ಹಾಗೆ. ಕುದಿಯುವ ಹಾಲಿಗೆ ಹೆಪ್ಪು ಬಿಟ್ಟರೆ ಮೊಸರಾಗುತ್ತಾ? ಇಲ್ಲ. ಇದೂ ಬಿಸಿ, ಬಿಸಿಲು, ಕ್ಲೋರಿನ್ ಯಾವುದನ್ನೂ ತಡೆಯುವುದಿಲ್ಲ. ತಂಪಾಗಿಡಬೇಕು. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಬ್ಯಾಸಿಲಸ್ ಕೊಯಾಗ್ಯುಲನ್ಸ್ ಇವೆಲ್ಲ ಸ್ಪೋರ್ ಕಟ್ಟುವ, ಅಂದರೆ ಗಟ್ಟಿ ಕವಚದೊಳಗೆ ಮಲಗುವ ಜಾತಿ. ಹಿಂದಿನವರು ಹಗೇವಿನಲ್ಲಿ ಇಡುತ್ತಿದ್ದ ರಾಗಿಯ ಹಾಗೆ. ವರ್ಷ ಕಳೆದರೂ ಕೆಡದೆ ಕೂತಿದ್ದು, ಕೋಳಿಯ ಕರುಳಿನ ತೇವ ಸಿಕ್ಕ ಮೇಲೆ ಮೊಳೆಯುತ್ತವೆ. ಯೀಸ್ಟ್ ಮೂರನೆಯದು. ಅದೂ ಬಿಸಿಗೆ ಅಷ್ಟು ಗಟ್ಟಿಯಲ್ಲ.

ಬಾಟಲಿಯ ಹಿಂದೆ ಜಾತಿಯ ಹೆಸರೇ ಇಲ್ಲ, ಬರೀ "ಉತ್ತಮ ಬ್ಯಾಕ್ಟೀರಿಯಾ" ಎಂದು ಬರೆದಿದ್ದರೆ ಆ ಬಾಟಲಿ ಬೇಡ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಗ್ರಾಮಿಗೆ ಎಷ್ಟು ಸಿಎಫ್‌ಯು, ಅಂದರೆ ಎಷ್ಟು ಜೀವಂತ ಕಣ ಎನ್ನುವ ಅಂಕಿಯೂ ಇರಬೇಕು. ಅಂಗಡಿಯ ತಗಡಿನ ಸೂರಿನ ಕೆಳಗೆ ಏಪ್ರಿಲ್, ಮೇ ಕಳೆದ ಲ್ಯಾಕ್ಟೋಬ್ಯಾಸಿಲಸ್ ಡಬ್ಬದ ಮೇಲಿನ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಅನುಮಾನ ಬಂದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಾಲು ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಅರ್ಧ ಚಮಚ ಪುಡಿ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಮುಚ್ಚಿಟ್ಟು ಬೆಳಗ್ಗೆ ನೋಡಿ. ಪುಡಿ ಹಾಕಿದ್ದು ಮಾತ್ರ ಹುಳಿಯಾಗಿ ಹೆಪ್ಪುಗಟ್ಟಿದರೆ ಒಳಗೆ ಜೀವ ಇದೆ. ಎಷ್ಟಿದೆ ಎಂದು ಇದು ಹೇಳುವುದಿಲ್ಲ. ಸ್ಪೋರ್ ಜಾತಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಮೊಸರಾಯಿತೆಂದು ಯಾರೂ ತಿನ್ನಬೇಡಿ ಮತ್ತೆ.

ಫೀಡಿನಲ್ಲಿ ಕೊಡುತ್ತಿದ್ದರೆ

ಪೆಲ್ಲೆಟ್ ಮಾಡುವಾಗ ಫೀಡಿಗೆ ಹಬೆ ಕೊಡುತ್ತಾರೆ. ಶಾಖ 80, 85 ಡಿಗ್ರಿಗೆ ಹೋಗುತ್ತದೆ. ಅಲ್ಲಿ ಉಳಿಯುವುದು ಸ್ಪೋರ್ ಮಾತ್ರ. ಪೆಲ್ಲೆಟ್ ಫೀಡಿನೊಳಗೆ ಲ್ಯಾಕ್ಟೋಬ್ಯಾಸಿಲಸ್ ಇದೆ ಎಂದು ಯಾರಾದರೂ ಮಾರಿದರೆ, ಪೆಲ್ಲೆಟ್ ಆದ ಮೇಲೆ ಸಿಂಪಡಿಸಿದ್ದೋ ಮೊದಲೇ ಬೆರೆಸಿದ್ದೋ ಎಂದು ಕೇಳಿ. ಉತ್ತರ ತಡವರಿಸಿದರೆ ಅರ್ಥವಾಯಿತಲ್ಲ.

ಪ್ರಮಾಣ ನೋಡೋಣ. ಫೀಡಿನ ಒಂದು ಗ್ರಾಮಿಗೆ 1 ಲಕ್ಷದಿಂದ 10 ಲಕ್ಷ ಸಿಎಫ್‌ಯು ಬರುವಂತೆ ಹಾಕುವುದು ಸಾಮಾನ್ಯ. ಪುಡಿಯಲ್ಲಿ ಗ್ರಾಮಿಗೆ 200 ಕೋಟಿ ಇದ್ದು, ಟನ್ನಿಗೆ 500 ಗ್ರಾಂ ಹಾಕಿದರೆ ಫೀಡಿನ ಗ್ರಾಮಿಗೆ 10 ಲಕ್ಷ ಬರುತ್ತದೆ. ಅದೇ ಪುಡಿಯಲ್ಲಿ 10 ಕೋಟಿ ಮಾತ್ರ ಇದ್ದರೆ ಬರುವುದು 50 ಸಾವಿರ. ಪ್ಯಾಕೆಟ್ ಅಗ್ಗ ಎಂದು ಕೊಂಡಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮನೆಯಲ್ಲೇ ಫೀಡ್ ಕಲಸುವವರು 500 ಗ್ರಾಂ ಪುಡಿಯನ್ನು ನೇರವಾಗಿ ಒಂದು ಟನ್ನಿಗೆ ಸುರಿಯಬೇಡಿ. ಮೊದಲು ಐದು ಕೆಜಿ ಜೋಳದ ನುಚ್ಚಿಗೆ ಬೆರೆಸಿ, ಅದನ್ನು ಐವತ್ತು ಕೆಜಿಗೆ, ಆಮೇಲೆ ಪೂರ್ತಿಗೆ. ಇಲ್ಲದಿದ್ದರೆ ಒಂದು ಚೀಲದ ಕೋಳಿಗೆ ಹಬ್ಬ, ಉಳಿದವಕ್ಕೆ ಉಪವಾಸ.

ಕಂಪನಿಯ ಮರಿ, ಕಂಪನಿಯ ಫೀಡ್ ಇಟ್ಟುಕೊಂಡು ಸಾಕಾಣಿಕೆ ಕೂಲಿಗೆ ಸಾಕುವವರು ಇನ್ನೊಂದು ಕೇಳಿಕೊಳ್ಳಬೇಕು. ಆ ಫೀಡಿನಲ್ಲಿ ಆಂಟಿಬಯಾಟಿಕ್ ಇದೆಯಾ? ಇದ್ದರೆ ನೀವು ನಿಮ್ಮ ದುಡ್ಡಿನಲ್ಲಿ ನೀರಿಗೆ ಹಾಕುವ ಪ್ರೋಬಯಾಟಿಕ್ ಅದರೊಂದಿಗೆ ದಿನಾ ಗುದ್ದಾಡುತ್ತದೆ. ಸೂಪರ್‌ವೈಸರ್ ಬಂದಾಗ ನೇರವಾಗಿ ಕೇಳಿ, ನಾಚಿಕೆ ಏನೂ ಬೇಡ.

ಸಾಲಿನೋಮೈಸಿನ್, ಮೊನೆನ್ಸಿನ್ ಥರದ ಕಾಕ್ಸಿ ಔಷಧಿಗಳು ಕೆಲವು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ತಡೆಯುತ್ತವೆ. ಯಾವುದರ ಜೊತೆ ಕೊಡಬಹುದು ಎಂದು ತಯಾರಕರನ್ನು ಕೇಳಿಕೊಳ್ಳಿ. ಆದರೆ ಇದೇ ನೆಪದಲ್ಲಿ ಕಾಕ್ಸಿ ಔಷಧಿ ನಿಲ್ಲಿಸಬೇಡಿ. ಕಾಕ್ಸಿ ಬ್ಯಾಕ್ಟೀರಿಯಾ ಅಲ್ಲ, ಅದನ್ನು ಪ್ರೋಬಯಾಟಿಕ್ ಒಂದೇ ತಡೆಯಲಾರದು. ಆಂಟಿಬಯಾಟಿಕ್ ಜೊತೆ ಇದನ್ನೂ ಬಿಟ್ಟು ನಾಲ್ಕನೇ ವಾರದಲ್ಲಿ ರಕ್ತದ ಹಿಕ್ಕೆ ನೋಡಿದವರಿದ್ದಾರೆ. ಆಮೇಲೆ ಬೈಸಿಕೊಂಡಿದ್ದು ಪ್ರೋಬಯಾಟಿಕ್.

ಯಾವ ದಿನ ಶುರು ಮಾಡಿದಿರಿ?

ಹದಿನೈದನೇ ದಿನ ಹಿಕ್ಕೆ ಕೆಟ್ಟ ಮೇಲೆ ಎನ್ನುವುದು ಸಾಮಾನ್ಯ ಉತ್ತರ. ಅಷ್ಟರಲ್ಲಿ ಬಸ್ಸು ತುಂಬಿರುತ್ತದೆ.

ನಾಟಿ ಕೋಳಿ ಮರಿಯನ್ನು ನೋಡಿ. ಮೊಟ್ಟೆಯಿಂದ ಬಂದ ದಿನವೇ ತಾಯಿಯ ಹಿಂದೆ ತಿಪ್ಪೆ ಕೆದಕುತ್ತದೆ, ತಾಯಿ ಹಿಕ್ಕೆ ಹಾಕಿದ ಜಾಗದಲ್ಲೇ ಕುಕ್ಕುತ್ತದೆ. ತಾಯಿಯ ಕರುಳಿನ ಬ್ಯಾಕ್ಟೀರಿಯಾ ಪುಕ್ಕಟೆ ಸಿಕ್ಕಿತು. ಹ್ಯಾಚರಿ ಮರಿ ತಾಯಿಯ ಮುಖವನ್ನೇ ನೋಡುವುದಿಲ್ಲ. ಅದರ ಕರುಳು ಖಾಲಿ ಸೈಟು, ಮೊದಲು ಬಂದವರದೇ ಬೇಲಿ. 1973ರಲ್ಲಿ ಫಿನ್ಲೆಂಡಿನ ನೂರ್ಮಿ ಮತ್ತು ರಂಟಾಲಾ ತೋರಿಸಿದ್ದು ಇದನ್ನೇ. ದೊಡ್ಡ ಕೋಳಿಯ ಕರುಳಿನ ದ್ರವ ಕುಡಿಸಿದ ಎಳೆ ಮರಿಗಳಿಗೆ ಸಾಲ್ಮೊನೆಲ್ಲಾ ಸುಲಭವಾಗಿ ಅಂಟಲಿಲ್ಲ.

ಹಾಗಾಗಿ ಮರಿ ಬಂದ ಮೊದಲ ದಿನದ ಮೊದಲ ನೀರಿನಿಂದಲೇ ಕೊಡಿ. ಮೊದಲ ವಾರ ಬಿಡದೆ, ಆಮೇಲೆ ಫೀಡ್ ಬದಲಾಗುವಾಗ, ಲಸಿಕೆಯ ಆಸುಪಾಸಿನಲ್ಲಿ, ಔಷಧಿ ಕೋರ್ಸ್ ಮುಗಿದ ಮೇಲೆ.

ಮರಿಗೆ ಚಳಿಯಾದರೆ ಇದೂ ದಂಡ. ಧನುರ್ಮಾಸದಲ್ಲಿ ನಮ್ಮ ಕಡೆಯ ರಾತ್ರಿ ಗೊತ್ತಲ್ಲ. ಮೊದಲ ವಾರ ಮರಿಯ ಎತ್ತರದಲ್ಲಿ 32ರಿಂದ 34 ಡಿಗ್ರಿ ಬೇಕು. ಮರಿ ಗುಂಪುಗಟ್ಟಿ ಒಂದರ ಮೇಲೊಂದು ಬಿದ್ದರೆ ಥರ್ಮಾಮೀಟರ್ ನೋಡುವುದೇ ಬೇಡ. ಬಿಟ್ಟ ಇಪ್ಪತ್ತನಾಲ್ಕು ಗಂಟೆಯ ನಂತರ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ನೂರರಲ್ಲಿ ತೊಂಬತ್ತೈದಕ್ಕಾದರೂ ತುಂಬಿ ಮೆತ್ತಗಿರಬೇಕು. ನೀರನ್ನೇ ಕುಡಿಯದ ಮರಿಗೆ ನೀರಿನಲ್ಲಿ ಏನು ಕೊಟ್ಟರೇನು?

ಹಾಸಿನ ಬಗ್ಗೆ ಒಂದೇ ಮಾತು. ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ. ಕೈ ಬಿಟ್ಟ ಮೇಲೂ ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ. ಕೆದಕಿ, ಹೊಸ ಹೊಟ್ಟು ಹಾಕಿ, ಸೋರುವ ನಿಪ್ಪಲ್ ಬದಲಿಸಿ.

ಎಲ್ಲಾ ಸರಿ ಇದೆ, ಆದರೂ ಲಾಭ ಕಾಣುತ್ತಿಲ್ಲ

ಇದೂ ಆಗುತ್ತದೆ. ಷೆಡ್ ಚೊಕ್ಕಟವಾಗಿದ್ದು, ನೀರು ಚೆನ್ನಾಗಿದ್ದು, ಮರಿ ಒಳ್ಳೆಯದಾಗಿದ್ದರೆ ಪ್ರೋಬಯಾಟಿಕ್ ತೋರಿಸುವ ವ್ಯತ್ಯಾಸ ಸಣ್ಣದು. ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣಬಹುದು. ಒಂದು ಉದಾಹರಣೆ ತೆಗೆದುಕೊಳ್ಳಿ. ಸಾವಿರ ಕೋಳಿ ಸೇರಿ 2,100 ಕೆಜಿ ತೂಗಿ, 3,500 ಕೆಜಿ ಫೀಡ್ ತಿಂದಿದ್ದರೆ ಎಫ್‌ಸಿಆರ್ 1.67, ಅಂದರೆ ಒಂದು ಕೆಜಿ ತೂಕಕ್ಕೆ ಅಷ್ಟು ಕೆಜಿ ಫೀಡ್. ಅದು 0.05 ಇಳಿದರೂ 105 ಕೆಜಿ ಫೀಡ್ ಉಳಿಯಿತು. ಎರಡು ಚೀಲ. ಆ ಎರಡು ಚೀಲದ ಬೆಲೆ ಪ್ರೋಬಯಾಟಿಕ್ ಬಿಲ್ಲಿಗಿಂತ ಜಾಸ್ತಿಯೋ ಕಡಿಮೆಯೋ, ಲೆಕ್ಕ ನಿಮ್ಮದು.

ಹಿಂದಿನ ಬ್ಯಾಚಿಗೆ ಹೋಲಿಸಬೇಡಿ. ಹಿಂದಿನ ಮರಿ ಬೇರೆ, ಹವೆ ಬೇರೆ, ಜೋಳ ಬೇರೆ. ಒಂದೇ ಷೆಡ್ಡನ್ನು ಜಾಲರಿಯಿಂದ ಎರಡು ಭಾಗ ಮಾಡಿ, ಒಂದೇ ದಿನದ ಮರಿ ಬಿಡಿ. ಎರಡಕ್ಕೂ ಬೇರೆ ಬೇರೆ ಡ್ರಮ್. ಒಂದಕ್ಕೆ ಕೊಡಿ, ಇನ್ನೊಂದಕ್ಕೆ ಬೇಡ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಪ್ರತಿ ಕಡೆಯಿಂದ ಐವತ್ತು ಕೋಳಿ ತೂಗಿ. ಕೈಗೆ ಸಿಕ್ಕಿದ್ದನ್ನು ಹಿಡಿಯಬೇಡಿ, ಓಡಲಾರದ ದಪ್ಪನೆಯವೇ ಸಿಗುತ್ತವೆ. ಹಲಗೆ ಅಡ್ಡ ಇಟ್ಟು ಒಂದು ಗುಂಪನ್ನು ಮೂಲೆಗೆ ಕೂಡಿ ಅದರಲ್ಲಿರುವ ಎಲ್ಲವನ್ನೂ ತೂಗಿ. ಮುಂದಿನ ಬ್ಯಾಚಿನಲ್ಲಿ ಎರಡು ಕಡೆಯನ್ನು ಅದಲು ಬದಲು ಮಾಡಿ. ಪಡುವಣ ಬಿಸಿಲು ಬೀಳುವ ಕಡೆಗೂ ನೆರಳಿನ ಕಡೆಗೂ ತೂಕದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ, ಅದರ ಕೀರ್ತಿ ಬಾಟಲಿಗೆ ಹೋಗಬಾರದು.

ಕೈವಾರದ ಹುಡುಗ ಈಗ ಎರಡನೇ ಬ್ಯಾಚಿನಲ್ಲಿದ್ದಾನೆ. ಷೆಡ್ಡಿನ ಪಕ್ಕ ನೀಲಿ ಡ್ರಮ್ ಬಂದಿದೆ. ಅದರ ಮೇಲೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಬರೆದಿದ್ದಾನೆ: "ಅಪ್ಪಾ, ಇದಕ್ಕೆ ಬೇಡ." ತೂಕದ ಪುಸ್ತಕವನ್ನು ಮೊನ್ನೆ ಫೋಟೋ ತೆಗೆದು ಕಳಿಸಿದ್ದ. ಮೂರನೇ ವಾರದವರೆಗೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಇತ್ತು. ಹಿಕ್ಕೆ ಮಾತ್ರ ಎರಡೂ ಕಡೆ ಗಟ್ಟಿಯಾಗಿದೆಯಂತೆ, ಪ್ರೋಬಯಾಟಿಕ್ ಕೊಡದ ಕಡೆಯೂ. ಅಪ್ಪ ಈಗ ಪುಡಿಯನ್ನು ಮುಷ್ಟಿಯಲ್ಲಿ ಹಾಕುತ್ತಿಲ್ಲ, ತೂಗಿ ಹಾಕುತ್ತಿದ್ದಾರೆ.